ಸಿದ್ದಾರ್ಥನ ಕೋಣೆಯ ಮನಿ ಪ್ಲಾಂಟ್

ಮೊಬೈಲಿನಲ್ಲಿ ಮೀನಾಕ್ಷಮ್ಮನ ಹೆಸರು ಕಂಡೊಡನೆ ನಿಸರ್ಗ ಕೈಯಲ್ಲಿದ್ದ ಕೆಲಸ ಬಿಟ್ಟಳು. ಸಿದ್ದಾರ್ಥ ಹೋಗಿಬಿಟ್ಟ, ಅದನ್ನು ಹೇಳಲೆಂದೇ ಅವನ ತಾಯಿ ಫೋನ್ ಮಾಡಿದ್ದಾರೆ ಎಂದುಕೊಂಡಳು.

"ನೀನು ಕೊಟ್ಟಿದ್ಯಲ್ಲ ಗಿಡ, ಮೇಲಿನ ನಾರು ಸರಿಸಿ ನೋಡಿದ್ರೆ ಮಣ್ಣೆಲ್ಲ ಬೆಳ್ಳಗೆ ಬೂಷ್ಟು ಹಿಡಿದೈತೆ ಕಣವ್ವ," ಎಂದರು ಮೀನಾಕ್ಷಮ್ಮ. "ಎಸೀತೀನಿ ಅಂದ್ರೆ ಇವ್ನು ಬುಡಲ್ಲ. ಕೆಮ್ಮು ಬೇರೆ ಜಾಸ್ತಿ ಆಗೈತೆ. ನೀನಾದ್ರೂ ಬಂದು ಹೇಳು."

ಬದುಕಿದ್ದಾನೆ. ಅಷ್ಟಕ್ಕೇ ಅವಳಿಗೆ ಅಳು ಬಂತು.

ತಿಪಟೂರಿನ ನರ್ಸರಿಯಲ್ಲಿ ಕೆಲಸ ಮಾಡುವ ನಿಸರ್ಗ ಅರ್ಧ ದಿನ ರಜೆ ಹಾಕಿ ನೊಣವಿನಕೆರೆ ಬಸ್ಸು ಹತ್ತಿದಳು. ಶ್ವಾಸಕೋಶ ಗಟ್ಟಿಯಾಗುತ್ತಿದೆ, ವಾಸಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿದ ವಾರವೇ ಸಿದ್ದಾರ್ಥ, "ಬೇರೆ ಗಂಡು ನೋಡ್ಕೋ, ಇನ್ನು ಬರಬೇಡ," ಎಂದಿದ್ದ. ಅವಳೂ ಹಟಕ್ಕೆ ಬಿದ್ದು ತಿಂಗಳುಗಟ್ಟಲೆ ಆ ಕಡೆ ತಲೆ ಹಾಕಿರಲಿಲ್ಲ. ಅಪ್ಪ ಹುಲಿಯಾರಿನಲ್ಲಿ ಗಂಡು ನೋಡಿದಾಗಲೂ ಬೇಡವೆಂದಿರಲಿಲ್ಲ.

ಅವನು ದಿಂಬಿಗೆ ಒರಗಿ ಕೂತಿದ್ದ. ಕೆನ್ನೆ ಇಳಿದುಹೋಗಿತ್ತು. ನೋಟ ಮಾತ್ರ ಹಳೆಯ ತುಂಟನದೇ. ಅವಳ ದುಪಟ್ಟಾದಿಂದ ಹಣೆಯ ಕೂದಲಿನವರೆಗೆ ನಿಧಾನ ಏರಿ ಅಲ್ಲೇ ನಿಂತಿತು.

"ಗಿಡದ ಡಾಕ್ಟ್ರು ಬಂದ್ರು," ಎಂದ.

"ರೋಗಿ ಬಾಯ್ಮುಚ್ಕೊಂಡಿರಬೇಕು," ಎಂದು ಅವಳು ತನ್ನ ಮಾಸ್ಕನ್ನು ಮೂಗಿಗೆ ಏರಿಸಿದಳು.

ತಲೆದಿಂಬಿನ ಪಕ್ಕದಲ್ಲಿದ್ದ ಕುಂಡವನ್ನು ಅಲುಗಿಸದೆ ಹಿತ್ತಿಲಿಗೆ ಒಯ್ದಳು. ಮೇಲೆ ತೆಂಗಿನ ನಾರು ಹೊದಿಸಿತ್ತು. ಸರಿಸಿದರೆ ಬಿಳಿ ಬೂಷ್ಟು, ಮುಗ್ಗು ವಾಸನೆ. ಬೇರು ಹಿಡಿದರೆ ಕೈಯಲ್ಲೇ ಕರಗಿತು.

"ಇಷ್ಟೊಂದು ನೀರು ಯಾಕೆ ಹಾಕಿದ್ರಿ?"

ಮೀನಾಕ್ಷಮ್ಮ ತಲೆ ತಗ್ಗಿಸಿದರು. "ಲಿಂಗಪೂಜೆ ನೀರು ಕಣವ್ವ. ತುಳಿಯೋ ಜಾಗಕ್ಕೆ ಚೆಲ್ಲಂಗಿಲ್ಲ. ಇವ್ನ ಬಿಟ್ಟು ಈಚೆ ಬರಕೂ ಭಯ. ನನ್ನ ಪೂಜೇದು, ಇವ್ನ ಪೂಜೇದು, ಎಲ್ಲ ಇದಕ್ಕೇ ಹಾಕ್ತಿದ್ದೆ. ಮಗನಿಗೆ ಒಳ್ಳೇದಾಗ್ಲಿ ಅಂತ."

ಆ ತಾಯಿಯನ್ನು ಬೈಯಲು ನಿಸರ್ಗಳಿಗೆ ಮನಸ್ಸು ಬರಲಿಲ್ಲ. "ನಾರು ಹೊದಿಸಿದ್ದು ಯಾರು?" ಎಂದಷ್ಟೇ ಕೇಳಿದಳು. ಮೀನಾಕ್ಷಮ್ಮ ಕೋಣೆಯತ್ತ ಕೈ ತೋರಿಸಿದರು.

ಕೈ ತೊಳೆದು ನೇರ ಒಳಗೆ ಬಂದಳು. "ಬೂಷ್ಟು ಬಂದಿದ್ದು ನಿಂಗೆ ಗೊತ್ತಿತ್ತು. ಬೇಕಂತಲೇ ಮುಚ್ಚಿಟ್ಟೆ."

"ಕಂಡಿದ್ರೆ ಅಮ್ಮ ಆವಾಗ್ಲೇ ಎಸೀತಿದ್ಲು."

"ಅದರ ಗಾಳಿ ನಿನ್ನ ಎದೆಗೆ ವಿಷ ಕಣೋ."

"ಇರ್ಲಿ ಬುಡು," ಎಂದ. ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡ. "ಬರಬೇಡ ಅಂದೆ. ನೀನು ನಿಜವಾಗ್ಲೂ ಬರಲಿಲ್ಲ. ನಿಂದು ಅಂತ ಇಲ್ಲಿ ಅದೊಂದೇ ಇತ್ತು ಕಣೇ."

ಅವಳ ಸಿಟ್ಟೆಲ್ಲ ಇಳಿದುಹೋಯಿತು. ಇವನನ್ನು ತಾನು ಎಷ್ಟು ಪ್ರೀತಿಸುತ್ತೇನೆಂದು ನೆನೆದು ಭಯವಾಯಿತು.

"ಬೇರು ಪೂರ್ತಿ ಕೊಳೆತಿದೆ. ಗಿಡ ಎಸೆದುಬಿಟ್ಟೆ."

ಅವನು ಗೋಡೆಯತ್ತ ಮುಖ ತಿರುಗಿಸಿದ. "ಒಂದು ಎಲೆನಾದ್ರೂ..."

"ಈ ಕೋಣೇಲಿ ಬೇಡ. ನಾನಿರ್ತೀನಿ," ಎಂದು ಮಂಚದ ಅಂಚಿನಲ್ಲಿ ಕೂತಳು.

"ಹುಚ್ಚು ಮಾತಾಡಬೇಡ. ನಂಗೆ ಜಾಸ್ತಿ ದಿನ ಇಲ್ಲ."

"ಗೊತ್ತು. ಅದಕ್ಕೇ ನಿನ್ನ ಒಪ್ಪಿಸ್ತಾ ಕೂರೋಕೆ ಟೈಮಿಲ್ಲ."

ಅವನಿಗೆ ನಗು ಬಂತು. ನಗುವಿನ ಹಿಂದೆಯೇ ಕೆಮ್ಮು. ತುಟಿ ನೀಲಿಗಟ್ಟಿತು. ಕೆಮ್ಮು ಇಳಿಯುವವರೆಗೆ ಅವಳು ಬೆನ್ನು ನೀವಿದಳು. ಆಮೇಲೆ ತನ್ನ ತಂದೆ ಗಂಗಾಧರಯ್ಯನಿಗೆ ಫೋನ್ ಹಚ್ಚಿದಳು.

"ಅಪ್ಪ, ಹುಲಿಯಾರಿನ ಗಂಡಿನ ಕಡೆಯೋರಿಗೆ ಬರಬೇಡಿ ಅಂತ ಹೇಳಿಬಿಡಿ. ನಾನು ಸಿದ್ದಾರ್ಥನ್ನೇ ಮದುವೆ ಆಗ್ತೀನಿ... ಗೊತ್ತಪ್ಪ, ಎಲ್ಲ ಗೊತ್ತು. ಎಷ್ಟು ದಿನ ಇರ್ತಾನೋ ಅಷ್ಟು ದಿನ."

ಬಾಗಿಲಲ್ಲಿ ಮೀನಾಕ್ಷಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಸಿದ್ದಾರ್ಥ ತಲೆಯಾಡಿಸಿದ. ಬೇಡ ಎನ್ನಲು ಬಾಯಿ ತೆರೆದ. ಅಷ್ಟು ಉಸಿರೂ ಇರಲಿಲ್ಲ. ಅವಳ ಕೈಯನ್ನು ಮಾತ್ರ ಅವನು ಬಿಡಲಿಲ್ಲ.