ಪೀಪಾಯಿಗೆ ಹೊದಿಸಿದ ಕೋಟು

ಟಿಕ್...

ಕಬ್ಬಿಣದ ಕೊಂಡಿಯನ್ನು ಯಾರೋ ಮೆಲ್ಲಗೆ ಎತ್ತಿ, ಮೆಲ್ಲಗೆ ಇಳಿಸಿದ ಸದ್ದು.

ವೈವಾ ಆಗ ಎಚ್ಚರಗೊಂಡವಳಲ್ಲ. ನಿದ್ದೆಯನ್ನೇ ಮಾಡಿರಲಿಲ್ಲ. ಹಿತ್ತಲಿನ ಬಿಯರ್ ಮನೆಯಲ್ಲಿ ಮದುವೆಯ ಬಿಯರ್ ಪೀಪಾಯಿಯಲ್ಲಿ ಹುದುಗುತ್ತಿರುವಾಗ ನಿದ್ದೆ ಎಲ್ಲಿಂದ ಬರಬೇಕು? ಚಳಿ ತಾಗಿದರೆ ಹುದುಗು ನಿಂತುಬಿಡುತ್ತದೆಂದು ಹನ್ನೊಂದಕ್ಕೆ ಒಲೆ ತುಂಬಿ ಬಂದಿದ್ದಳು. ಮೂರಕ್ಕೆ ಮತ್ತೆ ಹೋಗಬೇಕು. ಈಗಿನ್ನೂ ಎರಡು.

ಆದರೆ ಆ ಕೊಂಡಿ...?

ಅದನ್ನು ಎತ್ತುವ ಹಕ್ಕಿದ್ದದ್ದು ಇಬ್ಬರಿಗೇ. ಒಬ್ಬಳು ತಾನು. ಇನ್ನೊಬ್ಬರು ಅಪ್ಪ. ಆ ಅಪ್ಪ ಸ್ತಾಸಿಸ್, ಬಲಗೈ ಸ್ವಾಧೀನ ತಪ್ಪಿದ ಮೇಲೆ ಮೊದಲ ಚಳಿಗಾಲ ಕಳೆಯುತ್ತಾ, ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದರು.

ವೈವಾ ಬರಿಗಾಲನ್ನೇ ಬೂಟಿಗೆ ತುರುಕಿದಳು. ಟಾರ್ಚ್ ಹಿಡಿದು ಹಿಮ ತುಳಿಯುತ್ತಾ ಓಡಿದಳು. ಸೊನ್ನೆಗಿಂತ ಇಪ್ಪತ್ತನಾಲ್ಕು ಡಿಗ್ರಿ ಕೆಳಗಿನ ಚಳಿ. ಮೂಗಿನೊಳಗಿನ ಉಸಿರೇ ಮುಳ್ಳಾಗಿತ್ತು.

ಬಾಗಿಲು ತಳ್ಳಿ ಬೆಳಕು ಬಿಟ್ಟಳು.

ಒಬ್ಬ ಗಂಡಸು ಅವಳ ಪೀಪಾಯಿಯನ್ನು ಎರಡೂ ತೋಳುಗಳಿಂದ ತಬ್ಬಿಕೊಂಡು, ಮುಚ್ಚಳಕ್ಕೆ ಕೆನ್ನೆ ಒತ್ತಿ ನಿಂತಿದ್ದ!

"ಯಾರದು?"

ಅವನು ತಲೆ ಎತ್ತಿದ. ಅರ್ನಾಸ್! ಎರಡು ವಾರದ ಹಿಂದೆ ಇದೇ ಕೋಣೆಯ ಒಲೆಯನ್ನು ಹೊಸದಾಗಿ ಕಟ್ಟಿಕೊಟ್ಟವನು. ಮಾತಿಗಿಂತ ಹೆಚ್ಚು ನಗುತ್ತಿದ್ದವನು. ಆ ನಗುವನ್ನು ವೈವಾ... ಇರಲಿ, ಅದನ್ನೆಲ್ಲ ನೆನೆಯುವ ಹೊತ್ತು ಇದಲ್ಲ.

"ಶ್... ಮೆಲ್ಲಗೆ ಮಾತಾಡಿ," ಎಂದ. "ನಾನು..."

"ಏನು ಕದೀತಿದೀರಿ?"

"ಕದಿಯೋದಾ? ನಾನಾ?"

"ಮತ್ತೆ? ನಮ್ಮ ಯೀಸ್ಟ್ ಬೇಕಿತ್ತಾ? ಯಾರು ಕಳಿಸಿದ್ರು? ಗೆನೆ ಅತ್ತೇನಾ? ಪೀಪಾಯಿ ಕೆಡಿಸಿ ಬಾ ಅಂದ್ರಾ?"

ಬೆಳಕು ಕೆಳಗಿಳಿಯಿತು. ಆಗ ಕಂಡಿತು. ಅಮ್ಮನ ಉಣ್ಣೆ ಶಾಲಿನ ಮೇಲೆ ಯಾರದೋ ಕುರಿಚರ್ಮದ ಕೋಟು! ವೈವಾಳ ರಕ್ತ ಕುದಿಯಿತು. ಆ ಪೀಪಾಯಿಗೆ ಮನೆಯವರ ಬಟ್ಟೆಗಳನ್ನು ಮಾತ್ರ ಹೊದಿಸುವುದು ಅಜ್ಜನ ಕಾಲದಿಂದ ಬಂದ ಕಟ್ಟಳೆ. ಅಪ್ಪನ ಕೋಟು, ತೀರಿಹೋದ ಅಮ್ಮನ ಶಾಲು, ಅವಳ ರಜಾಯಿ. ಯೀಸ್ಟ್ ಬಿದ್ದ ಮೇಲೆ ಹೊರಗಿನ ಕೈ ಸೋಕಬಾರದು.

"ಹೊರಗೆ ಹೋಗು!"

'ನೀವು' ಯಾವಾಗ 'ನೀನು' ಆಯಿತೋ ಅವಳಿಗೇ ಗೊತ್ತಾಗಲಿಲ್ಲ.

"ಒಂದು ಮಾತು ಕೇಳಿ ವೈವಾ, ಒಲೆ..."

"ನಿನ್ನ ಒಲೇನೂ ಬೇಡ, ನಿನ್ನ ಮಾತೂ ಬೇಡ. ಹೋಗು!"

ಅರ್ನಾಸ್ ಪೀಪಾಯಿ ಬಿಟ್ಟು ಸರಿದ. ಅವನಿಗೂ ಅಭಿಮಾನ ಇತ್ತು. ಕೋಟನ್ನು ಕೇಳಲೇ ಇಲ್ಲ. ಸ್ವೆಟರಿನಲ್ಲೇ ಅವಳ ಪಕ್ಕದಿಂದ ಹಾದು ಕತ್ತಲಿಗಿಳಿದ.

'ಕೋಟನ್ನೂ ತಗೊಂಡು ಹೋಗು!' ಎಂದು ಎಸೆಯಲು ವೈವಾ ಅದನ್ನು ಕಿತ್ತೆಳೆದಳು. ಕೈ ಪೀಪಾಯಿಗೆ ತಾಗಿತು.

ಬೆಚ್ಚಗಿತ್ತು.

ಕೋಟು ಇದ್ದ ಕಡೆ ಬೆಚ್ಚಗೆ. ಆಚೆ ಬದಿ ಮುಟ್ಟಿದರೆ... ಅಯ್ಯೋ! ಅಪ್ಪನ ಕೋಟಿನಡಿಯಲ್ಲೂ ಮರ ತಣ್ಣಗಾಗಿತ್ತು. ತಿರುಗಿ ಒಲೆಯ ಮೇಲೆ ಅಂಗೈ ಇಟ್ಟಳು. ಒಲೆ ಕಲ್ಲಿನಂತೆ ತಣ್ಣಗಿತ್ತು. ಇಟ್ಟಿಗೆಗಳ ನಡುವೆ ಬೆರಳಗಲದ ಬಿರುಕು. ಅದಕ್ಕೆ ಯಾರೋ ಕತ್ತಲಲ್ಲೇ ಮೆತ್ತಿದ ಹಸಿ ಮಣ್ಣು ಅಲ್ಲೇ ಹೆಪ್ಪುಗಟ್ಟಿತ್ತು.

ಮೂರು ದಿನಗಳ ಹಿಂದೆ ಅವನು ಹೇಳಿದ್ದು ಕಿವಿಯಲ್ಲಿ ಮೊಳಗಿತು. 'ಮಣ್ಣು ಪೂರ್ತಿ ಒಣಗಿಲ್ಲ ವೈವಾ. ಇನ್ನೊಂದು ವಾರ ಸಣ್ಣ ಉರಿ ಸಾಕು. ಈಗಲೇ ದೊಡ್ಡ ಉರಿ ಹಾಕಿದ್ರೆ ಒಲೆ ಬಿರುಕು ಬಿಡುತ್ತೆ.'

ತಾನು ಏನಂದಿದ್ದಳು? 'ನಂಗೆ ಗೊತ್ತು ಬಿಡಿ. ಮದುವೆ ನಿಮ್ಮ ಮಣ್ಣಿಗೋಸ್ಕರ ಕಾಯಲ್ಲ.'

ಗೇಟಿನವರೆಗೂ ಓಡಿದಳು. ರಸ್ತೆಯಲ್ಲಿ ಹೆಜ್ಜೆಗುರುತು ಮಾತ್ರ ಇತ್ತು. ಕೂಗಲು ಬಾಯಿ ತೆರೆದವಳು ತಡೆದುಕೊಂಡಳು. ಕೂಗಿದರೆ ಒಳಗೆ ಮಲಗಿರುವ ಗೆನೆ ಅತ್ತೆ ಏಳುತ್ತಾಳೆ!

ಗೆನೆ ಅಪ್ಪನ ತಂಗಿ. ಮದುವೆ ಅವಳ ಮಗಳದ್ದು, ಇದೇ ಮನೆಯಲ್ಲಿ; ತಯಾರಿಗೆಂದು ಮೊದಲೇ ಬಂದು ಉಳಿದಿದ್ದಳು. ಸಂಜೆ ತಾನೇ ರೈ ಹಿಟ್ಟು ನಾದುತ್ತಾ ಹೇಳಿದ್ದಳು: "ನೋಡೇ ಹುಡುಗಿ, ನಿಂಗೆ ಬೇಜಾರಾದ್ರೂ ಹೇಳ್ತೀನಿ. ಅಣ್ಣನ ಕೈ ಬಿದ್ದ ಮೇಲೆ ಈ ಮನೆ ಬಿಯರ್ ಮುಗೀತು. ನಿನ್ನ ಒಲೆ ಆರಿದ್ರೆ ಬೆಳಿಗ್ಗೇನೇ ಹೇಳಿಬಿಡು. ಅಂಗಡಿಗೆ ಫೋನ್ ಮಾಡಿ ಬಿಯರ್ ತರಿಸ್ತೀನಿ."

ಅದಕ್ಕೆ ಅಪ್ಪ, "ಇದೊಂದು ಸಲ ನೋಡೋಣ. ಕೆಟ್ಟರೆ ಬಿಯರ್ ಕಾಯಿಸೋ ಕಡಾಯಿ ಬೋರಲು ಹಾಕಿ, ಈ ಕೆಲಸಾನೇ ನಿಲ್ಲಿಸಿಬಿಡೋಣ ಮಗಳೇ. ನಿನ್ನ ತಪ್ಪಲ್ಲ," ಎಂದಿದ್ದರು.

ಆ 'ನಿನ್ನ ತಪ್ಪಲ್ಲ' ಅನ್ನುವುದೇ ಎಲ್ಲಕ್ಕಿಂತ ಹೆಚ್ಚು ಚುಚ್ಚಿತ್ತು.

ವೈವಾ ಒಳಗೆ ಬಂದಳು. ಕೋಟನ್ನು ಮತ್ತೆ ಹೊದಿಸಿದಳು. ಹೇಗೆ ಕಿತ್ತಿದ್ದಳೋ ಹಾಗೇ, ಅದೇ ಜಾಗಕ್ಕೆ. ಯಾರ ಕಣ್ಣಿಗೂ ಬೀಳದಂತೆ ಅದರ ಮೇಲೆ ತನ್ನ ರಜಾಯಿ ಎಳೆದಳು. ಅಡುಗೆಮನೆಗೆ ಕಳ್ಳಿಯಂತೆ ಹೋಗಿ, ಹಾಲಿನ ಕ್ಯಾನುಗಳಿಗೆ ಬಿಸಿನೀರು ತುಂಬಿ, ಒಂದೊಂದಾಗಿ ಹೊತ್ತು ತಂದು ಪೀಪಾಯಿಯ ಸುತ್ತ ಇಟ್ಟಳು. ಕೊನೆಗೆ ಅವನು ನಿಂತಿದ್ದಲ್ಲೇ ನಿಂತು, ಅವನಂತೆಯೇ ತಬ್ಬಿಕೊಂಡು, ಮರಕ್ಕೆ ಕಿವಿ ಒತ್ತಿದಳು.

ಒಳಗೆ ಸದ್ದೇ ಇಲ್ಲ.

'ಏಳು... ಏಳು ಚಿನ್ನಾ... ನಿನ್ನೆ ಎಷ್ಟು ಜೋರಾಗಿ ಮಾತಾಡ್ತಿದ್ದೆ!'

ಕೋಟಿನ ತುಂಬ ಹೊಗೆಯ, ಹಸಿ ಮಣ್ಣಿನ ವಾಸನೆ. ಅವಳ ಕಣ್ಣಲ್ಲಿ ನೀರು ಬಂತು. ನಾಲ್ಕಾಯಿತು. ಕ್ಯಾನುಗಳ ನೀರು ಬದಲಿಸಿದಳು. ಐದೂ ಆಯಿತು...

ಐದೂವರೆಗೆ ಮರದೊಳಗೆ ಏನೋ ಉಸುರಿತು.

ಸ್ಸ್... ಸ್ಸ್ಸ್...

ನೊರೆ! ಹುದುಗು ಮತ್ತೆ ಎದ್ದಿತ್ತು! ವೈವಾ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಅತ್ತಳು, ನಕ್ಕಳು.

ಬೆಳಿಗ್ಗೆ ಗೆನೆ ಅತ್ತೆ ಒಲೆಯ ಕಡೆ ನೋಡಿ ಹುಬ್ಬೇರಿಸಿದಳು. "ಏನಿದು, ಒಲೆ ಉರೀತಿಲ್ಲ?"

"ಬೇಕಾಗಿಲ್ಲ ಅತ್ತೆ. ಕಿವಿ ಇಟ್ಟು ಕೇಳಿ."

ಅತ್ತೆ ಕಿವಿ ಇಟ್ಟಳು. ಸರಕ್ಕನೆ ತಿರುಗಿ ತನ್ನ ಹಿಟ್ಟಿನ ಕಡೆಗೆ ನಡೆದಳು.

ಮುಂದಿನ ಎಂಟು ದಿನವೂ ಅರ್ನಾಸ್ ಕೋಟು ಕೇಳಲು ಬರಲಿಲ್ಲ. ಅವನಿಗೆ ಜ್ವರ, ಕೆಮ್ಮು, ಎದ್ದು ಕೂರಲೂ ಆಗುತ್ತಿಲ್ಲವೆಂದು ಅಂಗಡಿಯಲ್ಲಿ ಯಾರೋ ಹೇಳುತ್ತಿದ್ದರು. ಬ್ರೆಡ್ ಕೊಳ್ಳಲು ಹೋದ ವೈವಾ ಬ್ರೆಡ್ ಬಿಟ್ಟು ಬಂದಳು.

ಹೋಗಿ ಕ್ಷಮೆ ಕೇಳಬೇಕು. ಹೇಗೆ ಕೇಳುವುದು? ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿದಳು, ಕೆಡವಿದಳು. ಒಮ್ಮೆ ಅವನ ಮನೆಯ ಬೇಲಿಯವರೆಗೂ ಹೋದಳು. ಕಿಟಕಿಯಿಂದ ಕೆಮ್ಮು ಕೇಳಿಸಿತು. ಜೇನಿನ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಓಡಿಬಂದಳು.

'ಕಳ್ಳ ಅಂದೆನಲ್ಲಾ... ಅದೂ ಯಾರನ್ನ!'

ಕೋಟನ್ನಾದರೂ ಕಳಿಸಬಹುದಿತ್ತು. ಮೊದಲ ಎರಡು ದಿನ, ತೆಗೆದರೆ ಬಿಯರ್ ಮತ್ತೆ ಮಲಗಿಬಿಡುತ್ತದೇನೋ ಎಂಬ ಭಯ. ಬಿಯರ್ ಸಣ್ಣ ಪೀಪಾಯಿಗಳಿಗಿಳಿದು ನೆಲಮಾಳಿಗೆ ಸೇರಿದ ಮೇಲೆ ಆ ನೆಪವೂ ಇರಲಿಲ್ಲ. ಆದರೂ ಕೋಟು ಅವಳ ಕೋಣೆಯಲ್ಲೇ ಉಳಿಯಿತು.

ಶನಿವಾರ ಮದುವೆ.

ಉದ್ದದ ಮೇಜಿನ ತುಂಬ ರೈ ಬ್ರೆಡ್ಡು, ಚೀಸು, ಬೇಯಿಸಿದ ಬಟಾಣಿ. ಆದರೆ ಹಿರಿಯರ ಕಣ್ಣೆಲ್ಲ ಮರದ ಹೂಜಿಗಳ ಮೇಲೆ. ಸ್ತಾಸಿಸನ ಮಗಳು ಮಾಡಿದ್ದಂತೆ! ಒಬ್ಬಳೇ ಅಂತೆ!

ವೈವಾ ಬಾಗಿಲ ಪಕ್ಕ ನಿಂತಿದ್ದಳು. ಉಗುರು ಅಂಗೈಗೆ ಒತ್ತಿ ಗುರುತು ಬಿದ್ದಿತ್ತು.

ಎಲ್ಲರಿಗಿಂತ ಹಿರಿಯನಾದ ಬೆನೆಡಿಕ್ಟಸ್ ಅಜ್ಜ ಒಂದು ಗುಟುಕು ಕುಡಿದ. ಕಣ್ಣು ಮುಚ್ಚಿದ. ಇನ್ನೊಂದು ಗುಟುಕು.

"ಸ್ತಾಸಿಸ್," ಎಂದ ಕೊನೆಗೆ. "ನಿನಗೆ ಬೇಜಾರಾಗಬಾರದು."

ವೈವಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ನೀನು ಇಷ್ಟು ಚೆನ್ನಾಗಿ ಯಾವತ್ತೂ ಮಾಡಿರಲಿಲ್ಲ ಕಣಯ್ಯಾ!"

ಮೇಜು ನಗುವಿನಿಂದ ನಡುಗಿತು! ಗೆನೆ ಅತ್ತೆ ಆಗಲೇ ಬೀಗರ ಕಡೆ ತಿರುಗಿ, "ನಮ್ಮ ಮನೆ ಬಿಯರ್! ಅಂಗಡೀದೆಲ್ಲ ನಮಗೆ ಒಗ್ಗಲ್ಲ, ನಾನು ಮೊದಲಿಂದ್ಲೂ ಹೇಳ್ತಾನೇ ಇದ್ದೆ," ಎನ್ನುತ್ತಿದ್ದಳು.

ಅಪ್ಪ ಎದ್ದು ನಿಂತರು. ಬಲಗೈ ಜೋತುಬಿದ್ದಿತ್ತು. ಎಡಗೈಯಲ್ಲಿ ಲೋಟ ಎತ್ತಿದರು. ಅವರು ಹಾಗೆ ತಲೆ ಎತ್ತಿ ನಿಂತು ಎಷ್ಟು ದಿನವಾಗಿತ್ತೋ!

"ಇದು ನನ್ನ ಮಗಳ ಬಿಯರ್," ಎಂದರು. "ಕಡಾಯಿ ಇನ್ನು ಮುಂದೆ ಅವಳದ್ದು. ಎಲ್ಲರೂ ಕೇಳಿಸ್ಕೊಳ್ಳಿ, ನಮ್ಮ ಪೀಪಾಯಿಗೆ ಹೊರಗಿನ ಕೈ ಸೋಕಿಲ್ಲ!"

ವೈವಾಳ ಎದೆ ಉಬ್ಬಿತು. ಮರುಕ್ಷಣವೇ ಕುಸಿಯಿತು.

ಮೇಜಿನ ತುದಿಯಲ್ಲಿ, ಯಾರದೋ ತುಂಡು ಜಾಕೆಟ್ ತೊಟ್ಟು, ಕೆನ್ನೆ ಬತ್ತಿದ ಅರ್ನಾಸ್ ಕೂತಿದ್ದ. ಕೆಮ್ಮನ್ನು ಮುಷ್ಟಿಯಲ್ಲಿ ಹಿಡಿದು, ಎಲ್ಲರ ಜೊತೆ ಲೋಟ ಎತ್ತಿದ. ಅವಳು ಬಾಯಿ ತೆರೆಯುತ್ತಿರುವುದನ್ನು ಕಂಡು, ಬೇಡ ಎಂಬಂತೆ ತಲೆಯಾಡಿಸಿದ. ಎದ್ದು ಹೊರಗೆ ಹೋದ.

ವೈವಾ ಕೋಣೆಗೆ ಓಡಿ ಕೋಟು ತಂದಳು. ಅಂಗಳದ ಬಾವಿಯ ಹತ್ತಿರ ಅವನನ್ನು ಹಿಡಿದಳು.

"ಮೊದಲು ಇದನ್ನ ಹಾಕ್ಕೊಳ್ಳಿ."

"ಅಬ್ಬಾ! ಮತ್ತೆ 'ಹಾಕ್ಕೊಳ್ಳಿ' ಬಂತಾ? ಆವತ್ತು 'ಹೋಗು' ಅಂದಿದ್ದೇ ಚೆನ್ನಾಗಿತ್ತು. ಮನೆಯವರನ್ನ ಬೈದ ಹಾಗಿತ್ತು."

"ತಮಾಷೆ ಬೇಡ. ನಾನು... ನಿಮ್ಮನ್ನ ಕಳ್ಳ ಅಂದೆ."

"ಅಂದಿರಿ."

"ಎಂಟು ದಿನ ನಾನು ನೋಡೋಕೂ ಬರಲಿಲ್ಲ."

"ಜೇನು ಬಂತಲ್ಲ. ಬೂಟಿನ ಗುರುತೂ ಬಂದಿತ್ತು, ಬೇಲಿವರೆಗೆ ನಾಲ್ಕು ಸಲ ಹಿಂದೆ ಮುಂದೆ ಓಡಾಡಿದ್ದು." ಅವನು ನಕ್ಕ, ಕೆಮ್ಮಿದ.

"ನಮ್ಮನ್ನ ಎಬ್ಬಿಸಬಾರದಿತ್ತಾ ಆವತ್ತು?"

"ಚಳಿ ಏರಿದಾಗಲೇ ನನ್ನ ಒಲೆ ತಡೆಯಲ್ಲ ಅನ್ನಿಸ್ತು, ನಡೆದು ಬಂದೆ. ಮೊದಲ ಸಲ ಬಂದಾಗ ಕೆಂಡ ಆಗಲೇ ಆರಿತ್ತು. ಕೋಟು ಹೊದಿಸಿ, ಬಿರುಕಿಗೆ ಮಣ್ಣು ಮೆತ್ತಿದೆ, ಹಿಡೀಲಿಲ್ಲ. ಇನ್ನಷ್ಟು ಮಣ್ಣಿಗೆ ಅಂತ ಹೊರಗೆ ಹೋಗಿ ಬಂದೆ, ಆಗಲೇ ನಿಮಗೆ ಕೊಂಡಿ ಕೇಳಿಸಿರಬೇಕು. ಎಬ್ಬಿಸಿದ್ರೆ ಮೊದಲು ಏಳೋದು ನಿಮ್ಮ ಅತ್ತೆ. ಊರಿಗೆಲ್ಲ ಸಾರಿದ್ರಲ್ಲ, ಬೆಳಗಾಗೋದ್ರೊಳಗೆ ಅಂಗಡಿಗೆ ಫೋನ್ ಹೋಗ್ತಿತ್ತು." ಬಾವಿಕಟ್ಟೆಗೆ ಒರಗಿ, "ನೀವು ಪೀಪಾಯಿ ಹತ್ರ ನಿಂತ್ಕೊಳ್ಳೋ ಗತ್ತು ನೋಡಿದೀನಿ. ಅದು ಹೋಗೋದು ನಂಗೆ ಇಷ್ಟ ಇರಲಿಲ್ಲ," ಎಂದ.

ವೈವಾ ಕೋಟನ್ನು ಎದೆಗೊತ್ತಿಕೊಂಡು ಕಣ್ಣೊರೆಸಿಕೊಂಡಳು.

"ಒಲೆ ಬಿರಿದಿದ್ದು ನನ್ನ ಹಟದಿಂದ. ಒಳಗೆ ಹೋಗಿ ಎಲ್ಲರ ಮುಂದೆ ಹೇಳ್ತೀನಿ. ಬಿಯರ್ ಉಳಿಸಿದ್ದು ನೀವು ಅಂತ."

"ಏನಂತ ಹೇಳ್ತೀರಿ? ಒಲೆ ಕಟ್ಟೋನು ಒಲೆ ನಂಬದೆ ಪೀಪಾಯಿ ತಬ್ಕೊಂಡು ನಿಂತಿದ್ದ ಅಂತಾನಾ? ನಾಳೆಯಿಂದ ಯಾರು ಒಲೆ ಕಟ್ಟಿಸ್ತಾರೆ ನನ್ ಹತ್ರ?"

ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ಒಂದೆರಡು ಗಂಟೆ ನಾನು ಬೆಚ್ಚಗಿಟ್ಟೆ, ಅಷ್ಟೇ," ಎಂದ ಅವನು ಮೆಲ್ಲಗೆ. "ಬೆಳಗಿನವರೆಗೆ ನಿಂತು ಎಬ್ಬಿಸಿದ್ದು ನೀವು. ಬಾರ್ಲಿ ನಿಮ್ಮದು, ಕೈ ನಿಮ್ಮದು. ಆ ಹೆಮ್ಮೇಲಿ ನಂಗೆ ಪಾಲು ಬೇಡ."

"ನಂಗೆ ಕೊಡಬೇಕು ಅನ್ನಿಸ್ತಿದೆ." ವೈವಾ ತಲೆ ಎತ್ತಿದಳು. ಮಾತುಗಳನ್ನು ತೂಗಿ ತೂಗಿ ಆಡುವವಳು ಈ ಸಲ ತೂಗಲಿಲ್ಲ. "ನಮ್ಮಪ್ಪ ಇಡೀ ಊರಿನ ಮುಂದೆ, ಹೊರಗಿನ ಕೈ ಸೋಕಿಲ್ಲ ಅಂದುಬಿಟ್ರು. ಅವರ ಮಾತು ಸುಳ್ಳಾಗಬಾರದು ಅರ್ನಾಸ್."

"ಅದಕ್ಕೇ ಸುಮ್ನಿರಿ ಅಂತಿದೀನಿ."

"ಸುಮ್ನಿದ್ರೆ ಸುಳ್ಳು ನಿಜ ಆಗಲ್ಲ. ನೀನು ಹೊರಗಿನವನಾಗಿ ಇರಬಾರದು. ಅಷ್ಟೇ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಮುಖದ ಮೇಲೆ ಆ ಹಳೆಯ ನಗು ಮೆಲ್ಲಗೆ ಹರಡಿತು.

"ಇದು... ಕೇಳ್ತಿರೋದಾ, ಹೇಳ್ತಿರೋದಾ?"

"ಹೇಳ್ತಿರೋದು. ಕೋಟು ಹಾಕ್ಕೋ!"

"ಒಂದೇ ಕೋಟು ಇದೆ. ನೀನೂ ನಡುಗ್ತಿದೀಯ."

"ಪೀಪಾಯೀನೇ ಸುತ್ತಿತ್ತು ಈ ಕೋಟು," ಎಂದಳು ವೈವಾ. "ಇಬ್ಬರನ್ನ ಸುತ್ತಲ್ವಾ?"

ಸುತ್ತಿತು.

ಒಳಗೆ, ಕಿಟಕಿಯ ಬಳಿ ಕೂತಿದ್ದ ಸ್ತಾಸಿಸ್ ಗಾಜಿನ ಮಂಜನ್ನು ಹೆಬ್ಬೆರಳಿನಿಂದ ಒರೆಸಿ, ಅವರಿಬ್ಬರನ್ನೂ ನೋಡುತ್ತಾ ಕೂತರು.

ಒಲೆ ಆರಿದ ಆ ರಾತ್ರಿಯ ಬೆಳಗಿನ ಜಾವ, ವೈವಾ ನೀರು ಕಾಯಿಸಲು ಹೋಗಿದ್ದಾಗ, ಅವರು ಕೋಲೂರಿಕೊಂಡು ಬಿಯರ್ ಮನೆಗೆ ಹೋಗಿದ್ದರು. ತೀರಿಹೋದ ಹೆಂಡತಿಯ ಶಾಲಿನ ಮೇಲೆ, ಪೀಪಾಯಿಯ ಎರಡೂ ಬದಿಗೆ, ಒಣಗಿದ ಮಣ್ಣಿನ ಎರಡು ದೊಡ್ಡ ಅಂಗೈ ಗುರುತುಗಳಿದ್ದವು. ತಬ್ಬಿಕೊಂಡವನ ಗುರುತು. ಗೆನೆ ಏಳುವ ಮೊದಲೇ, ಎಡಗೈಯಿಂದಲೇ ಉಜ್ಜಿ ಉಜ್ಜಿ ಅವನ್ನು ಅಳಿಸಿದ್ದರು.

"ಏನಣ್ಣಾ, ಅಷ್ಟು ಹೊತ್ತು ಹೊರಗೆ ಏನು ನೋಡ್ತಿದೀಯ?" ಗೆನೆ ಹೂಜಿ ಹಿಡಿದು ಬಂದಳು.

"ಹಿಮ."

"ಹಿಮಾನಾ? ಹುಟ್ಟಿದಾಗಿಂದ ಅದನ್ನೇ ನೋಡಿಲ್ವಾ?"

ಸ್ತಾಸಿಸ್ ಲೋಟ ಮುಂದೆ ಚಾಚಿದರು. ನೊರೆ ಅಂಚಿನವರೆಗೆ ಏರಿ ನಿಂತಿತು. ಮಗಳು ಹೇಳಿದರೆ ಹೇಳಲಿ, ಅದು ಅವಳ ಹಕ್ಕು. ತಾನಂತೂ ಆ ಅಂಗೈ ಗುರುತಿನ ಮಾತನ್ನು ಯಾರಿಗೂ, ಸಾಯುವವರೆಗೂ, ಹೇಳುವುದಿಲ್ಲ ಎಂದು ಆ ಗುಟುಕಿನಲ್ಲೇ ತೀರ್ಮಾನಿಸಿದರು.