ಭುಜಂಗ ಮುಟ್ಟದ ಕ್ಯಾರಿಯರ್

ಉತ್ತರಕ್ರಿಯೆಯ ದಿನದ ಬೊಜ್ಜದ ಊಟ ಮುಗಿದು ನೆಂಟರೆಲ್ಲ ಹೊರಟುಹೋಗಿದ್ದರು. ಮರುದಿನ ಬೆಳಿಗ್ಗೆ ಕಾಪುವಿನ ಆ ಮನೆಯಲ್ಲಿ ಒಲೆ ಹಚ್ಚಲು ಅತ್ತೆಗೂ ಮನಸ್ಸಿರಲಿಲ್ಲ, ಸೊಸೆಗೂ ಇರಲಿಲ್ಲ.

ಗಂಡ ಅಣ್ಣು ಇನ್ನಿಲ್ಲ ಎಂಬುದು ಪ್ರಫುಲ್ಲಾಳಿಗೆ ಗೊತ್ತಿತ್ತು. ಆದರೂ ಅಳು ಬರುತ್ತಿರಲಿಲ್ಲ... ಹಸಿವು ಮಾತ್ರ ಆಗುತ್ತಿತ್ತು.

ಅಡುಗೆಮನೆಯಲ್ಲಿದ್ದ ಸ್ಟೀಲಿನ ಕ್ಯಾರಿಯರ್ ತೊಳೆದುಕೊಂಡು ಪೇಟೆಯ ಹೋಟೆಲಿಗೆ ನಡೆದಳು.

ಹೋಟೆಲಿನ ಯಜಮಾನ ಭುಜಂಗ ಅಣ್ಣುವಿನ ಗೆಳೆಯ, ಇನ್ನೂ ಮದುವೆಯಾಗದವನು. ಅವಳು ಅವನೊಡನೆ ಮಾತನಾಡಿದವಳಲ್ಲ. ಇಡ್ಲಿ, ಸಾಂಬಾರು ಕೇಳಿ ಕ್ಯಾರಿಯರನ್ನು ಮುಂದಿಟ್ಟಳು.

ಅದನ್ನು ಕಂಡದ್ದೇ ಅವನ ಮುಖ ಬಿಳಿಚಿಕೊಂಡಿತು. ಚಾಚಿದ್ದ ಕೈಯನ್ನು ಸರಕ್ಕನೆ ಹಿಂದೆಗೆದ!

"ಅದು ಬೇಡ. ತೊಟ್ಟೆಯಲ್ಲಿ ಕಟ್ಟಿ ಕೊಡ್ತೇನೆ."

ಪ್ಲಾಸ್ಟಿಕ್ ತೊಟ್ಟೆಗಳು ಆಗಷ್ಟೇ ಪೇಟೆಗೆ ಬಂದಿದ್ದವು. ಬಿಸಿ ಸಾಂಬಾರಿನ ತೊಟ್ಟೆ ಹಿಡಿದು ಅವಳು ಬಿರಬಿರನೆ ಮನೆಗೆ ನಡೆದಳು.

'ವಿಧವೆಯ ಪಾತ್ರೆ ಮುಟ್ಟಬಾರದೆಂದೇ...?'

ಎಷ್ಟೋ ದಿನಗಳ ಮೇಲೆ ಅವಳಿಗೆ ಏನೋ ಒಂದು ಅನಿಸಿತ್ತು. ಅದು ಕೋಪ.

ಅವಳು ಊರ ಶಾಲೆಯ ಟೀಚರ್; ಕೋಪವಿದ್ದರೂ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ದಿನವೂ ಅಲ್ಲಿಂದಲೇ ಪಾರ್ಸೆಲ್ ಬರತೊಡಗಿತು. ಇಡ್ಲಿ ಸುತ್ತಿದ್ದ ಬಾಳೆಲೆ ತೆಂಗಿನ ಬುಡದಲ್ಲಿ ಕೊಳೆತು ಗೊಬ್ಬರವಾಯಿತು. ತೊಟ್ಟೆಗಳು ಹಾಗೇ ಬಿದ್ದಿದ್ದವು. ಒಂದು ಸಂಜೆ ಪಕ್ಕದ ಮನೆಯ ಕರು ತೊಟ್ಟೆ ಜಗಿಯುತ್ತಿತ್ತು. ಅದರ ಬಾಯಿಗೆ ಕೈಹಾಕಿ ಎಳೆದು ತೆಗೆದಳು.

ಮರುದಿನ ಹೋಟೆಲಿನಲ್ಲಿ ಎಲ್ಲರ ಎದುರೇ ಕ್ಯಾರಿಯರ್ ಬಿಚ್ಚಿಟ್ಟಳು.

"ಇನ್ನು ತೊಟ್ಟೆಯಲ್ಲಿ ಕೊಟ್ಟರೆ ನಾನು ಕೊಂಡುಹೋಗುವುದಿಲ್ಲ. ಇದಕ್ಕೇ ಹಾಕಿ. ಮುಟ್ಟಲಿಕ್ಕೆ ಆಗದಿದ್ದರೆ ಮೇಲಿಂದ ಸುರಿಯಿರಿ."

ಭುಜಂಗ ಸೌಟು ತೆಗೆದು ಮೇಲಿನಿಂದಲೇ ಸುರಿದ. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ.

ಅವಳು ಅಷ್ಟಕ್ಕೇ ಬಿಡಲಿಲ್ಲ. ಕರುವಿನ ಕಥೆಯನ್ನು ತರಗತಿಯಲ್ಲಿ ಹೇಳಿದಳು. ಮಕ್ಕಳು ಮನೆಯಲ್ಲಿ ಹೇಳಿದರು. ಜನ ತೂಕುಪಾತ್ರೆ, ಚೊಂಬು, ಡಬ್ಬಿ ಹಿಡಿದುಕೊಂಡು ಬರತೊಡಗಿದರು. ಮಳೆಗಾಲ ಕಳೆಯುವಷ್ಟರಲ್ಲಿ ಭುಜಂಗ ತೊಟ್ಟೆ ತರಿಸುವುದನ್ನೇ ನಿಲ್ಲಿಸಿದ. ಇಡ್ಲಿ ಮತ್ತೆ ಬರೀ ಬಾಳೆಲೆಗೆ ಬಂತು. ಟೀಚರ್ ಗೆದ್ದರು ಎಂದು ಪೇಟೆಯೇ ಹೇಳಿತು.

ಅವಳು ಬರುವ ಹೊತ್ತಿಗೆ ಅವನು ಬಿಸಿ ಇಡ್ಲಿ ತೆಗೆದಿಡುತ್ತಿದ್ದ. ಅವಳಿಗೂ ಬೆಳಗಾಗುವುದನ್ನೇ ಕಾಯುವ ಅಭ್ಯಾಸವಾಗಿತ್ತು...

ಆದರೆ ಎಲ್ಲರ ಪಾತ್ರೆಯನ್ನು ಕೈಯಲ್ಲಿ ಹಿಡಿದು ತುಂಬಿಸುವವನು ಅವಳದ್ದಕ್ಕೆ ಮಾತ್ರ ಮೇಲಿನಿಂದ ಸುರಿಯುತ್ತಿದ್ದ.

ಒಂದು ದಿನ ಸಾಲಿನಲ್ಲಿದ್ದ ಟೈಲರ್ ಲೊರ್ನಾಬಾಯಿ ಸುಮ್ಮನಿರಲಿಲ್ಲ.

"ಟೀಚರ್ ಪಾತ್ರೆ ಎಂತ ಕಚ್ಚುತ್ತದಾ, ಭುಜಂಗಣ್ಣ?"

ಅವನು ತಲೆ ಎತ್ತದೆ ಮುಂದಿನವರ ಪಾತ್ರೆಗೆ ಕೈಚಾಚಿದ. ಪ್ರಫುಲ್ಲಾ ಆ ದಿನ ಊಟ ಮಾಡಲಿಲ್ಲ. 'ಗೆದ್ದದ್ದು ಎಂತದು? ಅವನ ಕಣ್ಣಿಗೆ ನಾನು ಇನ್ನೂ ಅಪಶಕುನವೇ...'

ಅಣ್ಣುವಿನ ವರ್ಷಾಂತಿಕ ಕಳೆದ ಮೇಲೆ, ಇನ್ನು ಆ ಹೋಟೆಲಿಗೆ ಹೋಗುವುದಿಲ್ಲ ಎಂದು ಅತ್ತೆಗೆ ಹೇಳಿದಳು. ಕಾರಣವನ್ನೂ ಹೇಳಿದಳು. ಅತ್ತೆ ಬೇಬಿಯಮ್ಮ ಕ್ಯಾರಿಯರನ್ನು ಎತ್ತಿ ತಿರುಗಿಸಿ ನೋಡಿದರು.

"ಅಯ್ಯೋ ಮಗಾ, ನನಗೆ ನೆನಪೇ ಹಾರಿತ್ತು. ಇದು ಭುಜಂಗನದ್ದು. ನಾನು ಮಣಿಪಾಲದ ಆಸ್ಪತ್ರೆಯಲ್ಲಿದ್ದಾಗ ಅಣ್ಣು ಕೇಳಿ ತಂದದ್ದು. ಆಗ ನೀನು ಕಾರ್ಕಳಕ್ಕೆ ಹೋಗಿದ್ದಿ."

ಪ್ರಫುಲ್ಲಾ ಅಲ್ಲೇ ಕುಳಿತಳು.

ಸಾವಾದ ಮನೆಗೆ ಕೊಟ್ಟ ವಸ್ತುವನ್ನು ಆ ಮನೆಯವರಾಗಿ ತಂದು ಒಪ್ಪಿಸುವ ತನಕ ಯಾರೂ ನೆನಪಿಸುವುದಿಲ್ಲ. ತನ್ನದೇ ಕ್ಯಾರಿಯರಿಗೆ ಅವನು ಒಮ್ಮೆ ಕೈಯಿಟ್ಟಿದ್ದರೆ, ಸತ್ತವನ ಮನೆಯಿಂದ ಪಾತ್ರೆ ಕಿತ್ತುಕೊಂಡ ಎನ್ನಲು ಊರಿಗೆ ಅಷ್ಟು ಸಾಕಿತ್ತು. ಅವಳಿಗೂ ಹಾಗೇ ಕಾಣುತ್ತಿತ್ತು. ಅವನು ಕಾದದ್ದು ಅವಳ ಮಾನವನ್ನು!

ಅಂದು ಅವಳು ಅತ್ತಳು. ಅಣ್ಣುವಿಗಾಗಿ, ಮನಸ್ಸು ತುಂಬಿ. ಬೆಳಿಗ್ಗೆ ಎದ್ದು ಒಲೆ ಹಚ್ಚಿ ಹೆಸರುಬೇಳೆ ಪಾಯಸ ಮಾಡಿದಳು.

ಹೋಟೆಲಿನಲ್ಲಿ ಜನ ತುಂಬಿದ್ದರು. ಕ್ಯಾರಿಯರನ್ನು ಮೇಜಿನ ಮೇಲಿಡದೆ ನೇರ ಅವನ ಕಡೆ ಚಾಚಿದಳು.

"ಇದನ್ನು ಹಿಂದೆ ಕೊಡಲು ಅವರಿಗೆ ಆಗಲಿಲ್ಲ. ನಾನು ತಂದಿದ್ದೇನೆ. ಖಾಲಿ ಕೊಡಬಾರದಲ್ವಾ, ಒಳಗೆ ಪಾಯಸ ಉಂಟು."

ಭುಜಂಗ ಹೆಗಲ ಮೇಲಿನ ಬೈರಾಸಿನಲ್ಲಿ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡ. ಬೆರಳಿಗೆ ಬೆರಳು ತಾಗಿತು. ಅವನು ಕೈ ಹಿಂದೆಗೆಯಲಿಲ್ಲ.

"ಮೊದಲೇ ಹೇಳಬಹುದಿತ್ತಲ್ಲ..." ಎಂದಳು ಪ್ರಫುಲ್ಲಾ.

"ಹೇಳಿದರೆ ವಾಪಸ್ ಕೇಳಿದ ಹಾಗೆ ಆಗ್ತಿತ್ತು, ಟೀಚರ್." ಅವನ ಸ್ವರ ಇಳಿಯಿತು. "ಇನ್ನೊಂದು ಕೇಳಲಿಕ್ಕುಂಟು. ನಿಮ್ಮ ಅತ್ತೆಯ ಹತ್ತಿರ ಬರಲಾ?"

"ಅವರನ್ನು ಆಮೇಲೆ ಕೇಳಿ. ಮೊದಲು ನನ್ನನ್ನು ಕೇಳಿ."

ಭುಜಂಗ ಕ್ಯಾರಿಯರನ್ನು ಮೇಜಿನ ಮೇಲಿಟ್ಟ.

"ನನ್ನ ಮನೆಗೆ ಬರ್ತೀರಾ, ಪ್ರಫುಲ್ಲಾ?"

"ಆಗಬಹುದು," ಎಂದಳು ಅವಳು. "ಈಗ ಪಾಯಸ ಕುಡಿಯಿರಿ... ಆರಿಹೋಗ್ತದೆ."