ಅವಳು ಅಂದ ಸಾಕು

"ಬಿಡಿ! ನಾನೇ ಎತ್ಕೋತೀನಿ!"

ಅವಳ ಹೊಲಿಗೆ ಮೆಷಿನ್ನು ಮೆಟ್ಟಿಲ ಮೇಲಿಂದ ಜಾರುತ್ತಿತ್ತು. ಅದರ ಇನ್ನೊಂದು ತುದಿ ಹಿಡಿದವನು ಚರ್ಚಿನ ಬೆಂಚು ರಿಪೇರಿ ಮಾಡುವ ಬಡಗಿ. ಅವನು ಬಿಡಲಿಲ್ಲ.

"ಬಿಟ್ರೆ ಇಬ್ಬರ ಕಾಲೂ ಹೋಗುತ್ತೆ ಮೇಡಂ."

"ನನಗೆ ದೇವರ ಬಲ ಇದೆ. ಅಷ್ಟೇ ಸಾಕು!"

"ಸರಿ, ಈ ತುದಿ ಹಿಡಿಯೋಕೆ ಅವನೇ ನನ್ನ ಕಳಿಸಿದ ಅಂದ್ಕೊಳ್ಳಿ."

ಬೀದಿಗೆಲ್ಲ ಟೈಲರಕ್ಕನಾಗಿದ್ದ ಅವಳಿಗೆ ನಗು ಬಂತು. ತುಟಿ ಕಚ್ಚಿ ತಡೆದಳು.

ಅಮ್ಮ ತೀರಿಕೊಂಡ ಮೇಲೆ ಆ ಒಂಟಿ ಕೋಣೆಯಲ್ಲಿ ಅವಳ ಪ್ರಾರ್ಥನೆ ಒಂದೇ. 'ಕರ್ತನೇ, ಯಾರ ಹಂಗೂ ಬೇಡದಷ್ಟು ಶಕ್ತಿ ಕೊಡು.' ಚರ್ಚಿನ ಸಭೆಯವರು ಅದನ್ನು ವಿಶ್ವಾಸ ಎಂದರು. ನಿಜ ಹೇಳಬೇಕೆಂದರೆ, ಅದು ಬರೀ ಹಟ!

ಆಮೇಲೆ ಬಡಗಿ ಆಗಾಗ ಬರತೊಡಗಿದ. ಕಿಟಕಿಯ ಚಿಲಕ, ಕುಂಟುವ ಮೇಜು... ಒಂದು ಸಂಜೆ ಸುತ್ತಿಗೆ ಕೆಳಗಿಟ್ಟ.

"ನಿಮ್ಮ ಜೊತೆ ಬಾಳೋ ಆಸೆ ಇದೆ. ನನ್ನ ಹತ್ರ ಈ ಎರಡು ಕೈ ಬಿಟ್ರೆ..."

"ಸಾಕು," ಎಂದವಳೇ ಮುಖ ತಿರುಗಿಸಿದಳು.

ಆ ಕೈಗಳೇ ಸಾಕು ಎನ್ನಬೇಕಿತ್ತು. ಅಳು ಉಕ್ಕಿ ಬಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕಣ್ಣೊರೆಸಿಕೊಂಡು ತಿರುಗುವಷ್ಟರಲ್ಲಿ ಅವನಿರಲಿಲ್ಲ. ಪಾಪ, ಮಾತು ನಿಲ್ಲಿಸು ಎಂದಳೆಂದೇ ತಿಳಿದಿದ್ದ!

ಭಾನುವಾರದ ಆರಾಧನೆಯಲ್ಲಿ ಅವನು ಹಿಂದಿನ ಬೆಂಚಿಗೆ ಸರಿದ. ಮುಗಿಯುವ ಮೊದಲೇ ಎದ್ದು ಹೋದ. ಅವಳ ಮನೆಯಲ್ಲಿ ಒಂದೇ ತಟ್ಟೆ, ಒಂದೇ ಲೋಟ. ಮೇಜು ಈಗ ಕುಂಟುತ್ತಿರಲಿಲ್ಲ. ಅದನ್ನು ನೋಡಿದರೇ ಅವಳಿಗೆ ಸಂಕಟ.

'ನಾನಾಗೇ ಹೋಗಿ ಹೇಳೋದಾ? ಛೆ!'

"ಕರ್ತನೇ, ಮರೆಯೋ ಶಕ್ತಿ ಕೊಡು..." ಎಂದು ಮೊಣಕಾಲೂರಿದಳು. ಹಣೆಯನ್ನು ಆ ಮೇಜಿಗೇ ಆನಿಸಿದಳು.

"ನನ್ನ ಕೈಲಾಗ್ತಿಲ್ಲ ತಂದೇ... ಒಬ್ಬಳೇ ಇರೋಕೆ ಆಗ್ತಿಲ್ಲ!"

ದೇವರೆದುರು ಅವಳು ಸೋಲೊಪ್ಪಿಕೊಂಡಿದ್ದು ಅದೇ ಮೊದಲು. ಅತ್ತು ಅತ್ತು ಎದೆ ಹಗುರಾಯಿತು. ಕೇಳಿದ್ದು ಮರೆಯುವ ಬಲ, ಸಿಕ್ಕಿದ್ದು ಚಪ್ಪಲಿ ಮೆಟ್ಟಿ ಹೊರಡುವ ಬಲ!

ಅಂಗಡಿಯಲ್ಲಿ ಹಲಗೆ ಉಜ್ಜುತ್ತಿದ್ದವನು ತಲೆಯೆತ್ತಿದ. "ಏನಾದ್ರೂ ಮುರೀತಾ ಮೇಡಂ?"

"ಹೂಂ. ನನ್ನ ಹಟ." ಅವಳು ಹತ್ತಿರ ಬಂದಳು. "ಅವತ್ತು ಸಾಕು ಅಂದಿದ್ದು... ನೀವಿದ್ರೆ ಸಾಕು ಅಂತ."

ಅವನ ಕಣ್ಣು ತುಂಬಿತು. "ದೇವರ ಬಲ ಒಂದೇ ಸಾಕು ಅಂತಿದ್ರಲ್ಲ?"

"ಆ ಬಲ ಇಲ್ದಿದ್ರೆ ಇಲ್ಲಿವರೆಗೆ ಬರ್ತಿದ್ನಾ? ಇನ್ನೊಂದು ತುದಿ ಹಿಡ್ಕೋತೀರಾ?"

"ಯಾವುದರದ್ದು?"

"ಎಲ್ಲದರದ್ದೂ..."

"ಹಿಡಿದೆ. ಇನ್ನು ಬಿಡಿ ಅಂದ್ರೂ ಬಿಡಲ್ಲ ಮೇಡಂ."

"ಈ ಮೇಡಂ ಅನ್ನೋದು ಸಾಕು!"

"ಇದು ಯಾವ ಸಾಕು?"

ಅವಳು ಅಳುತ್ತಲೇ ನಕ್ಕಳು. "ನಿಲ್ಲಿಸಿ ಅನ್ನೋ ಸಾಕು!"